ಆಸರೆಯೋ, ಕಾಗದದ ಕಟ್ಟೋ, ಮರುಹೆಣಿಗೆಯೋ: ಸಂಗ್ರಹಾಲಯದ ಹಳೆಯ ಬುಟ್ಟಿಗಳಿಗೆ ಯಾವ ದಾರಿ?

ಸಂಗ್ರಹಾಲಯದ ಬುಟ್ಟಿಯೊಂದರ ಬಾಯಿಕಟ್ಟು ಬಿಚ್ಚಿದಾಗ, ತಳ ಕುಸಿದಾಗ, ಸೀಳುಗಳು (ಹೆಣೆದ ತೆಳು ಪಟ್ಟಿಗಳು) ಉದುರತೊಡಗಿದಾಗ ಮುಂದೆ ಮೂರು ದಾರಿಗಳಿವೆ. ಮುರಿದದ್ದನ್ನು ಹಾಗೇ ಬಿಟ್ಟು ಕೆಳಗಿನಿಂದ, ಒಳಗಿನಿಂದ ಆಸರೆ ಕೊಡುವುದು ಒಂದು. ಮುರಿದ ಜಾಗಕ್ಕೆ ಮಾತ್ರ ಜಪಾನಿ ಕಾಗದದ ಕಟ್ಟು ಹಾಕುವುದು ಇನ್ನೊಂದು. ಮೇದಾರರ ಕೈಯಲ್ಲಿ ಹೊಸ ಸೀಳು ತೂರಿಸಿ ಮತ್ತೆ ಹೆಣೆಸುವುದು ಮತ್ತೊಂದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯ ಜಾನಪದ ಸಂಗ್ರಹಗಳು, ಮಠಗಳ ಮತ್ತು ಕಾಲೇಜುಗಳ ವಸ್ತುಕೋಣೆಗಳು ಈ ಮೂರರಲ್ಲಿ ಒಂದನ್ನು ಆರಿಸಬೇಕಾದಾಗ ನೆರವಾಗಲೆಂದು ಈ ಹೋಲಿಕೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಬಹುಪಾಲು ಬುಟ್ಟಿಗಳಿಗೆ ಆಸರೆಯೊಂದೇ ಸಾಕು. ಮುರಿತ ಇನ್ನೂ ಬೆಳೆಯುತ್ತಿದೆ, ಎತ್ತಿಟ್ಟಾಗಲೆಲ್ಲ ಒಂದೆರಡು ತುಂಡು ಬೀಳುತ್ತಿವೆ ಎಂದಾದರೆ ಮಾತ್ರ ಕಾಗದದ ಕಟ್ಟು. ಮರುಹೆಣಿಗೆ ಬಳಕೆಗೆ ಮರಳುವ ಬುಟ್ಟಿಗೆ ಸರಿ. ಸಂಗ್ರಹದಲ್ಲೇ ಉಳಿಯುವ ಹಳೆಯ ಬುಟ್ಟಿಗೆ ಬೇಡ. ಹೆಣೆದವರು ಸೀಳನ್ನು ಎಷ್ಟು ತೆಳುವಾಗಿ ತೆಗೆದರು, ಸುತ್ತನ್ನು ಎಲ್ಲಿ ಬದಲಿಸಿದರು, ಬಾಯಿಯನ್ನು ಹೇಗೆ ಮುಗಿಸಿದರು ಎಂಬುದೆಲ್ಲ ಆ ಬುಟ್ಟಿಯಲ್ಲೇ ದಾಖಲಾಗಿದೆ. ಹೊಸದನ್ನು ತೂರಿಸಲು ಹಳೆಯ ಸೀಳು ಕಿತ್ತರೆ ಆ ದಾಖಲೆ ಅಷ್ಟರಮಟ್ಟಿಗೆ ಹೋಯಿತು. ಅದನ್ನು ಮರಳಿ ತರಲು ಯಾರಿಂದಲೂ ಆಗದು.

ಮುಟ್ಟುವ ಮೊದಲು

ಎದುರಿಗಿರುವುದು ಯಾವುದರಿಂದ ಹೆಣೆದದ್ದು ಎಂದು ಮೊದಲು ಗುರುತಿಸಿ. ಹೆಡಗಿ (ದೊಡ್ಡ ಬುಟ್ಟಿ), ಮರ (ಕಾಳು ಕೇರುವ ಮೊರ), ಕಣಜ ಬಹುತೇಕ ಬಿದಿರಿನವು. ಕೊರಮರು ಹೆಣೆಯುವ ಬುಟ್ಟಿಗಳಲ್ಲಿ ಈಚಲ ಗರಿಯವೂ ಇರುತ್ತವೆ. ಹಿಡಿಕೆಗೆ, ಬಾಯಿಕಟ್ಟಿಗೆ ಬೆತ್ತ ಸುತ್ತಿರಬಹುದು. ಈ ವ್ಯತ್ಯಾಸ ಮುಖ್ಯ. ಈಚಲ ಗರಿ ತೇವಕ್ಕೆ ಬೇಗ ಮೆತ್ತಗಾಗಿ ಹೇಳಿದಂತೆ ಕೇಳುತ್ತದೆ; ಹಳೆಯ ಬಿದಿರು ಅಷ್ಟು ಸುಲಭಕ್ಕೆ ಬಾಗದು, ಒತ್ತಾಯಿಸಿದರೆ ಉದ್ದಕ್ಕೆ ಸೀಳುತ್ತದೆ.

ಆಮೇಲೆ ಮೈಮೇಲೆ ಏನಿದೆ ಎಂದು ನೋಡಿ. ನೆನೆಸಿ ರುಬ್ಬಿದ ಮೆಂತ್ಯ ಮತ್ತು ಕಾಗದದ ರೊಜ್ಜು ಮೆತ್ತಿದ ಮರಗಳು, ಸಗಣಿ ಸಾರಿಸಿದ ಬುಟ್ಟಿಗಳು ನಮ್ಮ ಕಡೆ ಸಾಮಾನ್ಯ. ಕಾಳು ಸೋರದಿರಲಿ, ಹಿಟ್ಟು ಸಂದಿಯಲ್ಲಿ ಇಳಿಯದಿರಲಿ ಎಂದು ಮನೆಯವರು ಮಾಡಿದ್ದು ಅದು. ಅದು ಕೊಳೆಯಲ್ಲ, ತೆಗೆಯಬಾರದು. ಬಾಗಿನದ ಮರದ ಮೇಲಿನ ಅರಿಸಿನ-ಕುಂಕುಮ, ಸವದತ್ತಿ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆತನದ ಪಡ್ಡಲಗಿಯ (ದೇವಿಯ ಪೂಜೆಯ ಬುಟ್ಟಿ) ಸಂದಿಯಲ್ಲಿ ಕುಳಿತ ಭಂಡಾರ (ಅರಿಸಿನ ಪುಡಿ), ಹೊಲಕ್ಕೆ ಚರಗದ ಎಡೆ ಒಯ್ದ ಬುಟ್ಟಿಯ ತಳದ ಎಣ್ಣೆ ಕಲೆ ಇವಕ್ಕೂ ಇದೇ ಮಾತು. ಬ್ರಶ್ಶು ಹಿಡಿಯುವ ಮೊದಲೇ ಇವನ್ನು ಗುರುತಿಸಿ ಫೋಟೊ ತೆಗೆದು ಬರೆದಿಡಿ. ಆರೂ ಕಡೆಯಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಒಳಗಿನ ತಳ ಸೇರಿಸಿ ಫೋಟೊ ಬೇಕು. ಉದುರಿದ ಚೂರುಗಳನ್ನು ಗುಡಿಸಿ ಎಸೆಯಬೇಡಿ. ಜಿಪ್ ಚೀಲಕ್ಕೆ ಹಾಕಿ ಬುಟ್ಟಿಯ ಸಂಖ್ಯೆ ಬರೆದು ಜೊತೆಗೇ ಇಡಿ.

ಮೈಯೆಲ್ಲ ಬಿಳಿ ಪುಡಿ ಕಂಡರೆ, ಔಷಧದ ವಾಸನೆ ಬಂದರೆ ನೈಟ್ರೈಲ್ ಕೈಗವಸು, ಎನ್-95 ಮುಖಗವಸು ಇಲ್ಲದೆ ಮುಟ್ಟಬೇಡಿ. ಹುಳ ಕೊಲ್ಲಲೆಂದು ಡಿಡಿಟಿಯನ್ನೂ, ಜನ ಗ್ಯಾಮಾಕ್ಸಿನ್ ಎಂದು ಕರೆಯುತ್ತಿದ್ದ ಬಿಎಚ್‌ಸಿ ಪುಡಿಯನ್ನೂ ಒಂದು ಕಾಲಕ್ಕೆ ಎಲ್ಲೆಡೆ ಸಿಂಪಡಿಸುತ್ತಿದ್ದರು. ಬಿಎಚ್‌ಸಿ ದೇಶದಲ್ಲಿ 1997ರಲ್ಲಿ ನಿಷೇಧವಾದರೂ ಆಗಲೇ ಬುಟ್ಟಿಗೆ ಹತ್ತಿದ್ದು ಹೋಗಿರುವುದಿಲ್ಲ. ಅಮೆರಿಕದಲ್ಲಿ ಮೂಲನಿವಾಸಿಗಳ ಬುಟ್ಟಿಗಳಿಗೆ ಸಂಗ್ರಹಾಲಯಗಳು ಹಿಂದೆ ಆರ್ಸೆನಿಕ್, ಪಾದರಸದ ಲವಣ ಬಳಿದಿದ್ದವು. 1990ರ ಕಾಯ್ದೆಯಂತೆ ವಸ್ತುಗಳನ್ನು ಆಯಾ ಸಮುದಾಯಕ್ಕೆ ಮರಳಿಸುವಾಗ ಈ ವಿಷವೇ ದೊಡ್ಡ ತೊಡಕಾಯಿತು, ಯಾಕೆಂದರೆ ಮರಳಿ ಪಡೆದವರು ಅವನ್ನು ಕೈಯಲ್ಲಿ ಹಿಡಿದು ಆಚರಣೆಗೆ ಬಳಸುವವರು. ಹಿಂದೆ ಯಾವ ಔಷಧ ಹಾಕಿತ್ತೆಂದು ತಿಳಿದಷ್ಟನ್ನು ಹೇಳಿಯೇ ಕೊಡಬೇಕೆಂಬ ನಿಯಮ ಅಲ್ಲಿದೆ. ಪಡ್ಡಲಗಿಯನ್ನು ಮನೆತನದವರಿಗೆ ಹಬ್ಬಕ್ಕೆಂದು ಕೊಟ್ಟು ತರುವ ರೂಢಿ ಇದ್ದಲ್ಲಿ ನಮಗೂ ಅದೇ ನಿಯಮ ಇರಬೇಕು.

ಹುಳಕ್ಕೆ ಏನು: ಶೀತ, ಆಮ್ಲಜನಕ ತೆಗೆಯುವುದು, ಹೊಗೆ

ಕಟ್ಟು ಹಾಕುವ ಮಾತು ಹುಳದ ವಿಚಾರ ಮುಗಿದ ಮೇಲೆ. ಬಿದಿರಿಗೆ ಬೀಳುವ ಕುಟ್ಟಿ ಹುಳ ಅದರೊಳಗಿನ ಪಿಷ್ಟಕ್ಕಾಗಿ ಬರುತ್ತದೆ. ಸುಮಾರು 1 ಮಿಲಿಮೀಟರಿನ ದುಂಡು ತೂತು, ಕೆಳಗೆ ಹಿಟ್ಟಿನಂಥ ನುಣುಪು ಪುಡಿ, ಇಷ್ಟೇ ಅದರ ಗುರುತು. ತೂತು ಇದ್ದ ಮಾತ್ರಕ್ಕೆ ಹುಳ ಬದುಕಿದೆ ಎಂದಲ್ಲ. ಬುಟ್ಟಿಯನ್ನು ಮೃದು ಬ್ರಶ್ಶಿನಿಂದ ಕೊಡವಿ, ಕಪ್ಪು ಕಾಗದದ ಮೇಲಿಟ್ಟು ಪಾಲಿಥಿನ್ ಚೀಲದಲ್ಲಿ ಮುಚ್ಚಿ 3 ವಾರ ಬಿಡಿ. ಕಪ್ಪು ಕಾಗದದ ಮೇಲೆ ಹೊಸ ಪುಡಿ ಬಿದ್ದಿದ್ದರೆ ಒಳಗೆ ಹುಳ ಬದುಕಿದೆ. ಮಳೆಗಾಲದಲ್ಲಿ ಈ ಪರೀಕ್ಷೆ ಮಾಡುವುದಾದರೆ ಚೀಲದೊಳಗೆ ತೇವ ಏರದಂತೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಇಲ್ಲವಾದರೆ ಹುಳದ ಜಾಗದಲ್ಲಿ ಬೂಷ್ಟು ಕಾಣುತ್ತೀರಿ.

ಮೊದಲ ಆಯ್ಕೆ ಶೀತ. ಬುಟ್ಟಿಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಪಾಲಿಥಿನ್ ಚೀಲಕ್ಕೆ ಹಾಕಿ, ಆದಷ್ಟು ಗಾಳಿ ತೆಗೆದು ಬಾಯಿ ಮುಚ್ಚಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಕನಿಷ್ಠ 1 ವಾರ ಇಡಬೇಕು. ಫ್ರೀಜರು ಮೈನಸ್ 18ರ ಆಚೆ ಹೋಗದಿದ್ದರೆ 2 ವಾರ. ಮನೆಯ ಫ್ರಿಜ್ಜಿನ ಮೇಲಿನ ಖಾನೆ ಇದಕ್ಕೆ ಆಗದು. ಹಿಮ ಕರಗಿಸಿಕೊಳ್ಳುವ ಹೊತ್ತಿಗೆಲ್ಲ ಅದರ ತಾಪ ಏರುತ್ತದೆ. ತಾಪ ನಿಧಾನಕ್ಕೆ ಇಳಿದರೆ ಹುಳ ಚಳಿಗೆ ಹೊಂದಿಕೊಂಡು ಬದುಕಿಬಿಡುತ್ತದೆ, ಅದಕ್ಕೇ ಫ್ರೀಜರನ್ನು ಮೊದಲೇ ಪೂರ್ತಿ ತಣ್ಣಗೆ ಮಾಡಿಟ್ಟು ಒಂದೆರಡೇ ಬುಟ್ಟಿ ಒಳಗಿಡಬೇಕು. ನಡುವೆ ಹೊತ್ತುಗಟ್ಟಲೆ ಕರೆಂಟು ಹೋದರೆ ದಿನದ ಎಣಿಕೆಯನ್ನು ಮೊದಲಿನಿಂದ ಶುರು ಮಾಡಿ. ಹೊರತೆಗೆದ ಮೇಲೆ 24 ತಾಸು ಚೀಲ ಬಿಚ್ಚಲೇಬಾರದು. ಬೇಗ ಬಿಚ್ಚಿದರೆ ಹೊರಗಿನ ಗಾಳಿಯ ತೇವ ತಣ್ಣಗಿನ ಬಿದಿರಿನ ಮೇಲೆ ನೀರಾಗಿ ಕೂರುತ್ತದೆ, ಬಣ್ಣದ ಸೀಳು ಇದ್ದರೆ ಬಣ್ಣ ಹರಿಯುತ್ತದೆ. ಮುಚ್ಚಿದ್ದರೆ ಅದೇ ನೀರು ಚೀಲದ ಹೊರಮೈಗೆ ಕೂತು ಆರುತ್ತದೆ. ಮೇಣ, ಅರಗು ಹಚ್ಚಿದ ಬುಟ್ಟಿಗಳನ್ನು ಶೀತಕ್ಕೆ ಒಡ್ಡಬೇಡಿ.

ಫ್ರೀಜರಿಗೆ ಹಿಡಿಸದ ದೊಡ್ಡ ಹೆಡಗಿಗೆ, ಮೆಂತ್ಯ-ಕಾಗದದ ಮೆತ್ತಿಗೆ ಬಿರುಕು ಬಿಟ್ಟಿರುವ ಮರಕ್ಕೆ ಆಮ್ಲಜನಕ ತೆಗೆಯುವ ವಿಧಾನ ಮೇಲು. ಆಮ್ಲಜನಕ ಶೇ 0.3ಕ್ಕಿಂತ ಕೆಳಗಿಳಿದು, ಸುಮಾರು 25 ಡಿಗ್ರಿ ತಾಪದಲ್ಲಿ 3 ವಾರ ಉಳಿಯಬೇಕು. ಸಾಮಾನ್ಯ ಪಾಲಿಥಿನ್ ಚೀಲದೊಳಗೆ ಗಾಳಿ ನುಸುಳುವುದರಿಂದ ಗಾಳಿ ತಡೆಯುವ ಪದರದ ಫಿಲ್ಮೇ ಬೇಕು. ಕಬ್ಬಿಣದ ಪುಡಿಯ ಹೀರುಪೊಟ್ಟಣಗಳ ಲೆಕ್ಕ ಹೀಗೆ: ಗಾಳಿಯಲ್ಲಿ ಆಮ್ಲಜನಕ ಶೇ 21. ಚೀಲದಲ್ಲಿ 20 ಲೀಟರ್ ಗಾಳಿ ಉಳಿದರೆ ಅದರಲ್ಲಿ 4.2 ಲೀಟರ್ ಆಮ್ಲಜನಕ ಇರುತ್ತದೆ. 2,000 ಮಿಲಿಲೀಟರ್ ಹೀರುವ ಪೊಟ್ಟಣ ಎರಡು ಹಾಕಿದರೆ ಸಾಲದು, ಮೂರು ಹಾಕಿ. ಪೊಟ್ಟಣ ಕೆಲಸ ಮಾಡುವಾಗ ಬಿಸಿಯಾಗುತ್ತದೆ, ಬುಟ್ಟಿಗೆ ತಾಗದಂತೆ ಇಡಿ. ಖರ್ಚು ಶೀತಕ್ಕಿಂತ ಹೆಚ್ಚು, ಬೆಸುಗೆಯಲ್ಲಿ ಒಂದು ಸಣ್ಣ ಸಂದಿ ಉಳಿದರೂ 3 ವಾರ ವ್ಯರ್ಥ. ಆದರೆ ವಸ್ತುವಿನ ಮಟ್ಟಿಗೆ ಇದಕ್ಕಿಂತ ಸೌಮ್ಯವಾದದ್ದು ಇಲ್ಲ.

ಕಾಳಿನ ಗೋದಾಮಿನಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಸಂಗ್ರಹಾಲಯದ ಕೋಣೆಗೆ ಬೇಡವೇ ಬೇಡ. ಅದರಿಂದ ಏಳುವ ಫಾಸ್ಫೀನ್ ಅನಿಲ ಮನುಷ್ಯರನ್ನು ಕೊಲ್ಲುತ್ತದೆ, ತಾಮ್ರ-ಬೆಳ್ಳಿಯ ವಸ್ತುಗಳನ್ನೂ ಕೆಡಿಸುತ್ತದೆ. ನುಸಿಗುಳಿಗೆ ಬಿದಿರಿನೊಳಗಿನ ಹುಳಕ್ಕೆ ಏನೂ ಮಾಡದು. ಬಿಸಿಲಿಗೆ ಒಣಹಾಕುವುದು ಮನೆಯ ಬುಟ್ಟಿಗೆ ಸರಿಯಾದ ಪದ್ಧತಿಯೇ. ಹಳೆಯ ಬುಟ್ಟಿಗೆ ಮಾತ್ರ ಗದಗಿನ ಏಪ್ರಿಲ್ ಬಿಸಿಲು ಬಣ್ಣ ಹಾರಿಸಿ, ಸೀಳು ಕುಗ್ಗಿಸಿ, ಬಾಯಿಕಟ್ಟನ್ನು ಸಡಿಲ ಮಾಡುತ್ತದೆ.

ಧೂಳು ತೆಗೆಯಲು ಮೃದು ಕೂದಲಿನ ಬ್ರಶ್ಶು ಮತ್ತು ಬಾಯಿಗೆ ಸೊಳ್ಳೆ ಪರದೆ ಬಟ್ಟೆ ಕಟ್ಟಿದ ವ್ಯಾಕ್ಯೂಮ್ ಸಾಕು. ಹೀರುವ ಬಲ ಅತಿ ಕಡಿಮೆ ಇರಲಿ. ನೀರು ಬಳಸಬೇಡಿ.

ಆಸರೆ

ತಳ ಕುಸಿದ, ಬಾಯಿ ಓರೆಯಾದ, ಒಂದೆರಡು ಸೀಳು ಹೋದ ಬುಟ್ಟಿಗೆ ಇದೇ ಚಿಕಿತ್ಸೆ. ದುಂಡು ತಳದ್ದಾದರೆ ಬಟ್ಟೆಯ ಸಿಂಬಿಯಂಥ ಬಳೆ ಮಾಡಿ: ಹತ್ತಿಯ ಬನಿಯನ್ ಬಟ್ಟೆಯ ಕೊಳವೆಗೆ ಪಾಲಿಯೆಸ್ಟರ್ ಹತ್ತಿ ತುಂಬಿ ತುದಿ ಹೊಲಿದರೆ ಆಯಿತು. ಬುಟ್ಟಿ ಅದರಲ್ಲಿ ಕೂತಾಗ ತಳದ ನಡುಭಾಗ ನೆಲಕ್ಕೆ ತಾಗಬಾರದು, ತೂಗಲೂಬಾರದು. ನಡುವೆ ಪಾಲಿಎಥಿಲೀನ್ ಫೋಮಿನ ತುಂಡನ್ನು ತಳದ ಆಕಾರಕ್ಕೆ ಕೊರೆದಿಡಿ. ಒಳಗೆ ತೆಳು ಹತ್ತಿ ಬಟ್ಟೆಯ ದಿಂಬು, ಮುಕ್ಕಾಲು ಭಾಗ ಮಾತ್ರ ತುಂಬಿದ್ದು. ಗಟ್ಟಿ ತುಂಬಿದರೆ ದಿಂಬು ಗೋಡೆಯನ್ನು ಹೊರಕ್ಕೆ ತಳ್ಳಿ, ಇದ್ದ ಬಿರುಕನ್ನು ಅಗಲ ಮಾಡುತ್ತದೆ.

ಬಟ್ಟೆಗೆ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಬೆಂಗೇರಿಯಂಥ ಖಾದಿ ಕೇಂದ್ರಗಳ ಬಣ್ಣ ಹಾಕದ ಖಾದಿಯೇ ಸಾಕು. ಗಂಜಿ ಪೂರ್ತಿ ಹೋಗುವಂತೆ ಎರಡು ಸಲ ಬಿಸಿ ನೀರಿನಲ್ಲಿ ತೊಳೆದು ಬಳಸಿ, ಯಾಕೆಂದರೆ ಗಂಜಿ ಹುಳಕ್ಕೆ ಕರೆ ಕೊಡುತ್ತದೆ. ಥರ್ಮಾಕೋಲು, ಸುದ್ದಿಪತ್ರಿಕೆ, ಕುರ್ಚಿಯ ಸ್ಪಂಜು ಬೇಡ. ಸ್ಪಂಜು ಕೆಲವೇ ವರ್ಷದಲ್ಲಿ ಪುಡಿಯಾಗಿ ಸೀಳುಗಳಿಗೆ ಅಂಟುತ್ತದೆ, ಪತ್ರಿಕೆಯ ಆಮ್ಲ ಕಲೆ ಮಾಡುತ್ತದೆ.

ಆಸರೆಯ ಕೊರತೆ ಒಂದೇ: ಮುರಿದದ್ದು ನೋಡುಗರಿಗೆ ಮುರಿದಂತೆಯೇ ಕಾಣುತ್ತದೆ. ಅದನ್ನು ಕೊರತೆ ಎಂದು ನಾವು ಒಪ್ಪುವುದಿಲ್ಲ. ಕಣದಲ್ಲಿ ದುಡಿದ ಹೆಡಗಿಯ ಅಂಚು ಸವೆದಿರುವುದು ಅದರ ದುಡಿಮೆಯ ಗುರುತು. ಎತ್ತುವಾಗ ಬಾಯಿ, ಹಿಡಿಕೆ ಹಿಡಿಯದೆ ಎರಡೂ ಕೈಯನ್ನು ತಳಕ್ಕೆ ಕೊಟ್ಟು ಎತ್ತಿದರೆ ಇಂಥ ಬುಟ್ಟಿ ಇನ್ನೂ ಬಹಳ ಕಾಲ ಬಾಳುತ್ತದೆ.

ಕಾಗದದ ಕಟ್ಟು

ಕಾಗದ ಎಂದರೆ ಕೋಝೊ ಗಿಡದ ನಾರಿನ ಜಪಾನಿ ಕಾಗದ. ಅದರ ನಾರು ಉದ್ದ, ತೆಳುವಾಗಿದ್ದರೂ ಗಟ್ಟಿ. ಬಿದಿರಿಗಿಂತ ಮೆದುವಾದ್ದರಿಂದ ಮುಂದೆ ಎಂದಾದರೂ ಎಳೆತ ಬಿದ್ದರೆ ಕಾಗದ ಮೊದಲು ಹರಿಯುತ್ತದೆ, ಹಳೆಯ ಸೀಳು ಉಳಿಯುತ್ತದೆ. ಮರುಹೆಣಿಗೆಗೆ ಹೋಲಿಸಿದರೆ ಇದರ ದೊಡ್ಡ ಗುಣ ಇದೇ. ಆಮದಿನ ಹಾಳೆ ದುಬಾರಿ ಎನಿಸಿದರೆ ನೇಪಾಳದ ಲೋಕ್ತಾ ಕಾಗದವೂ ಉದ್ದ ನಾರಿನದೇ. ಆಮ್ಲ ಇಲ್ಲವೆಂದು ಪಿಎಚ್ ಪೆನ್ನಿನಲ್ಲಿ ನೋಡಿ ಕೊಳ್ಳಿ.

4 ಮಿಲಿಮೀಟರ್ ಅಗಲದ ಸುತ್ತು ಸೀಳು ನಡುವೆ ತುಂಡಾಗಿದೆ ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ 20ರಿಂದ 30 ಗ್ರಾಂ ತೂಗುವ ಕಾಗದಕ್ಕೆ ನೀರು ಬೆರೆಸಿದ ಅಕ್ರಿಲಿಕ್ ಬಣ್ಣ ಹಚ್ಚಿ ಪೂರ್ತಿ ಒಣಗಿಸಿ. ಬಣ್ಣ ಸೀಳಿಗಿಂತ ಚೂರು ತಿಳಿಯಾಗಿರಲಿ. ದೂರದಿಂದ ಕಣ್ಣಿಗೆ ಹೊಡೆಯಬಾರದು, ಹತ್ತಿರ ಬಂದವರಿಗೆ ಕಟ್ಟು ಎಂದು ತಿಳಿಯಬೇಕು. ಎರಡು-ಮೂರು ಪದರ ಅಂಟಿಸಿ ಒಣಗಿಸಿದ ಮೇಲೆ 3 ಮಿಲಿಮೀಟರ್ ಅಗಲದ ಪಟ್ಟಿ ಮಾಡಿ, ಎರಡೂ ತುದಿಯನ್ನು ಒದ್ದೆ ಬ್ರಶ್ಶಿನಿಂದ ಗೆರೆ ಎಳೆದು ಹರಿಯಿರಿ, ಆಗ ನಾರಿನ ಕುಚ್ಚು ಉಳಿಯುತ್ತದೆ. ಕತ್ತರಿಯ ಅಂಚು ಬೇಗ ಏಳುತ್ತದೆ, ಕುಚ್ಚು ಹಿಡಿದು ಕೂರುತ್ತದೆ. ಮುರಿದ ಜಾಗದಿಂದ ಆಚೆ ಈಚೆ 1 ಸೆಂಟಿಮೀಟರ್ ದಾಟುವಷ್ಟು ಉದ್ದ ಬಿಟ್ಟು, ಚಿಮುಟದಿಂದ ಪಕ್ಕದ ನಿಲುವು ಸೀಳುಗಳ ಅಡಿಗೆ ತೂರಿಸಿ. ಅಂಟಿಲ್ಲದೆಯೂ ನಿಲ್ಲುತ್ತದೆಯೇ ನೋಡಿ. ನಿಂತರೆ ಅಂಟೇ ಬೇಡ. ಇಲ್ಲವೆಂದರೆ ಎರಡು ತುದಿಗೆ ಮಾತ್ರ ಚೂರು ಅಂಟು ಸವರಿ, ಸಿಲಿಕೋನ್ ಹಚ್ಚಿದ ಪಾಲಿಯೆಸ್ಟರ್ ಹಾಳೆ ಅಡ್ಡವಿಟ್ಟು, ಮೆತ್ತನೆಯ ಕ್ಲಿಪ್ಪಿನಿಂದ ಒಣಗುವ ತನಕ ಹಿಡಿದಿಡಿ.

ಇಲ್ಲಿ ಆಗುವ ದೊಡ್ಡ ಕೆಡುಕು ಅಂಟು ಹೆಚ್ಚಾಗುವುದು. ಸುತ್ತು ಸೀಳೂ ನಿಲುವು ಸೀಳೂ ಒಂದಕ್ಕೊಂದು ಅಂಟಿಕೊಂಡರೆ ಹೆಣಿಗೆಗೆ ಅಲುಗಾಡಲು ಜಾಗ ಉಳಿಯದು. ಧಾರವಾಡದ ಜೂನ್-ಸೆಪ್ಟೆಂಬರ್ ತೇವಕ್ಕೆ ಬಿದಿರು ಉಬ್ಬಿ, ಬೇಸಿಗೆಗೆ ಕುಗ್ಗುವಾಗ ಅಂಟಿನ ಪಕ್ಕದಲ್ಲೇ ಹೊಸದಾಗಿ ಮುರಿಯುತ್ತದೆ. ಬಿರುಕಿನ ಎರಡು ತುದಿಯನ್ನು ಬಲವಂತವಾಗಿ ಕೂಡಿಸಿ ಅಂಟಿಸಿದರೂ ಅಷ್ಟೇ.

ಯಾವ ಅಂಟು? ನಾವು ಮೊದಲು ಕೈ ಹಾಕುವುದು ಗೋದಿ ಪಿಷ್ಟದ ಅಂಟು ಮತ್ತು ಮೀಥೈಲ್ ಸೆಲ್ಯುಲೋಸ್ (ನೀರಿನಲ್ಲಿ ಕರಗುವ ಅಂಟಿನ ಪುಡಿ) ಸಮ ಪಾಲಿನ ಮಿಶ್ರಣಕ್ಕೆ. ಪಿಷ್ಟ ಎಂದರೆ ಮೈದಾ ಅಲ್ಲ. ಕುರಡಗಿಗೆ ಗೋದಿ ಹಾಲು ತೆಗೆದಾಗ ತಳದಲ್ಲಿ ಕೂರುತ್ತದಲ್ಲ, ಆ ಬಿಳಿ ಗಟ್ಟಿ; ಅಂಗಡಿಯಲ್ಲಿ ಶುದ್ಧ ಮಾಡಿದ ಪುಡಿ ಸಿಗುತ್ತದೆ. ಮೈದಾದಲ್ಲಿ ಜಿಗುಟು ಪ್ರೋಟೀನು ಉಳಿದಿರುವುದರಿಂದ ಕಾಲ ಕಳೆದಂತೆ ಹಳದಿಯಾಗಿ ಪೆಡಸಾಗುತ್ತದೆ. 1 ಅಳತೆ ಪಿಷ್ಟಕ್ಕೆ 5 ಅಳತೆ ನೀರು, ಸಣ್ಣ ಉರಿಯಲ್ಲಿ ಕೈ ಬಿಡದೆ 20-30 ನಿಮಿಷ ತಿರುವಿ ಅರೆಪಾರದರ್ಶಕವಾದ ಮೇಲೆ ಆರಿಸಿ, ಎರಡು ಸಲ ಜರಡಿ ಹಿಡಿಯಿರಿ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ, ವಾಸನೆ ಬಂದರೆ ಚೆಲ್ಲಿ. ಮೀಥೈಲ್ ಸೆಲ್ಯುಲೋಸ್ 4 ಗ್ರಾಂ 100 ಮಿಲಿಲೀಟರಿಗೆ. ಮೂರನೇ ಒಂದು ಪಾಲು ಬಿಸಿ ನೀರಿನಲ್ಲಿ ಪುಡಿಯನ್ನು ಕದಡಿ, ಉಳಿದದ್ದು ತಣ್ಣೀರು ಸೇರಿಸಿ, ಒಂದು ರಾತ್ರಿ ಬಿಡಿ. ಅದು ಕರಗುವುದೇ ತಣ್ಣಗಾದ ಮೇಲೆ. ಪಿಷ್ಟಕ್ಕೆ ಹಿಡಿತ ಹೆಚ್ಚು, ಹುಳದ ಭಯವೂ ಇದೆ. ಮೀಥೈಲ್ ಸೆಲ್ಯುಲೋಸಿನ ಹಿಡಿತ ಕಡಿಮೆ, ಹುಳಕ್ಕೆ ಅದು ಅಷ್ಟಾಗಿ ರುಚಿಸದು. ಎರಡೂ ತುಸು ನೀರು ತಾಗಿಸಿದರೆ ಬಿಟ್ಟುಕೊಳ್ಳುತ್ತವೆ.

ರಾಣಿ ಬಣ್ಣ, ಹಸಿರು ಬಣ್ಣದ ಸೀಳಿರುವ ರೊಟ್ಟಿ ಬುಟ್ಟಿಗಳಿಗೆ ನೀರಿನ ಅಂಟು ಅಪಾಯ. ಒಳಭಾಗದ ಮರೆಯ ಜಾಗಕ್ಕೆ ಒದ್ದೆ ಹತ್ತಿ ಕಡ್ಡಿಯನ್ನು 10 ಸೆಕೆಂಡು ಒತ್ತಿ, ಹತ್ತಿಗೆ ಬಣ್ಣ ಹತ್ತಿದರೆ ನೀರು ಬಿಡಿ. ಅಲ್ಲಿ ಎಥನಾಲಿನಲ್ಲಿ ಕರಗಿಸಿದ ಶೇ 3-4ರ ಕ್ಲುಸೆಲ್-ಜಿ ಎಂಬ ಸೆಲ್ಯುಲೋಸ್ ಅಂಟು ನೋಡಬಹುದು, ಆದರೆ ಎಥನಾಲಿಗೂ ಇದೇ ಪರೀಕ್ಷೆ ಮಾಡಿಯೇ. ಪುಡಿಪುಡಿಯಾಗಿ ಉದುರುವ ಮೈಯನ್ನು ಹಿಡಿದು ನಿಲ್ಲಿಸಲೂ ಕ್ಲುಸೆಲ್ ಒಳ್ಳೆಯದು, ಹೊಳಪು ಬರಿಸುವುದಿಲ್ಲ. ಅಸಿಟೋನಿನಲ್ಲಿ ಕರಗಿಸಿದ ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಅಂಟು ಗಟ್ಟಿ ಬಿದಿರಿನ ಕಡ್ಡಿ, ಹಿಡಿಕೆಯಂಥ ಭಾರ ಹೊರುವ ಭಾಗಕ್ಕೆ ಮಾತ್ರ. ತೆಳು ಸೀಳಿಗೆ ಅದು ಹೆಚ್ಚು ಬಿಗಿ, ಬಣ್ಣವನ್ನೂ ಕಪ್ಪಾಗಿಸುತ್ತದೆ. ಬಡಗಿಯ ಬಿಳಿ ಅಂಟು, ಕ್ಷಣದಲ್ಲಿ ಹಿಡಿಯುವ ಅಂಟು ಇವೆರಡೂ ಬುಟ್ಟಿಗಿಂತ ಗಟ್ಟಿ. ತೆಗೆಯಲು ಹೋದರೆ ಬಿದಿರಿನ ಮೈಯೇ ಕಿತ್ತು ಬರುತ್ತದೆ.

ಬಾಗಿದ ಬುಟ್ಟಿಯನ್ನು ಆಕಾರಕ್ಕೆ ತರುವುದು

ತೀರಾ ಬೇಕಾದರೆ ಮಾತ್ರ. ಪಾಲಿಥಿನ್ ಗುಡಾರದೊಳಗೆ ಒದ್ದೆ ಹೀರುಕಾಗದ ಇಟ್ಟು, ಬುಟ್ಟಿಗೆ ತಾಗದಂತೆ, ತೇವವನ್ನು ಕೆಲವು ತಾಸುಗಳಲ್ಲಿ ನಿಧಾನವಾಗಿ ಶೇ 80-85ಕ್ಕೆ ಏರಿಸಿ. ತಾಸಿಗೊಮ್ಮೆ ಬೆರಳಿನಿಂದ ಮುಟ್ಟಿ ನೋಡಿ. ಮೆತ್ತಗಾದ ಮೇಲೆ ಒಂದೇ ಸಲಕ್ಕೆ ಸರಿ ಮಾಡಲು ಹೋಗದೆ, ದಿಂಬು ಒಳಗಿಟ್ಟು ಚೂರುಚೂರೇ ತಿದ್ದಿ, 2-3 ದಿನ ನಿಧಾನವಾಗಿ ಆರಲು ಬಿಡಿ. ಒಂದು ದಿನಕ್ಕಿಂತ ಹೆಚ್ಚು ಹೊತ್ತು ಗುಡಾರದಲ್ಲಿಟ್ಟರೆ ಬೂಷ್ಟು ಬರುತ್ತದೆ. ಮೆಂತ್ಯ-ಕಾಗದ, ಸಗಣಿ ಮೆತ್ತಿದ ಬುಟ್ಟಿಗೆ ಇದನ್ನು ಮಾಡಲೇಬೇಡಿ. ಮೆತ್ತಿಗೆ ನೆನೆದು ಬಿದಿರಿನಿಂದ ಕಳಚುತ್ತದೆ. ಈಚಲ ಗರಿಗೆ ಫಲ ಚೆನ್ನಾಗಿ ಸಿಗುತ್ತದೆ, ದಪ್ಪ ಬಿದಿರಿಗೆ ಬಹಳ ಕಡಿಮೆ.

ಮರುಹೆಣಿಗೆ

ಮೇದಾರರ ಕೈಚಳಕದ ಬಗ್ಗೆ ನಮಗೆ ಯಾವ ಅನುಮಾನವೂ ಇಲ್ಲ. ತೊಡಕು ಇರುವುದು ಹಸಿ ಬಿದಿರಿನಲ್ಲಿ. ನೆನೆಸಿದ ಹೊಸ ಸೀಳು ಒಣಗುವಾಗ ಕುಗ್ಗಿ ಬಿಗಿಯುತ್ತದೆ, ಪಕ್ಕದ ಹಳೆಯ ಸೀಳಿಗೆ ಆ ಎಳೆತ ತಡೆಯದು. ತಳದ ಒಂದು ಸುತ್ತು ಸರಿಯಾಯಿತು ಎನ್ನುವಷ್ಟರಲ್ಲಿ ಪಕ್ಕದ ಎರಡು ಸುತ್ತು ಸೀಳಿರುತ್ತವೆ. ಜಾತ್ರೆಗೆ, ಹಬ್ಬಕ್ಕೆ ಹೊರಡುವ ಬುಟ್ಟಿಗೆ ಇದನ್ನು ಮಾಡಿಸಲೇಬೇಕಾದರೆ ಸೀಳನ್ನು ಮೊದಲೇ ತೆಗೆಸಿ, ಬುಟ್ಟಿ ಇರುವ ಕೋಣೆಯಲ್ಲೇ 2-3 ವಾರ ಒಣಗಲು ಬಿಟ್ಟು, ಹಳೆಯದಕ್ಕಿಂತ ತೆಳುವಾಗಿ ಹೆರೆಸಿ ತೂರಿಸಿ. ಕಿತ್ತ ಹಳೆಯ ಸೀಳುಗಳನ್ನು ಕಡ್ಡಾಯವಾಗಿ ಉಳಿಸಿ. ಹೊಸದರ ಒಳಮೈಗೆ ಇಸವಿ ಬರೆಯಿರಿ.

ಮಾಡಿಸಬೇಕೋ ಬೇಡವೋ ಎಂಬುದನ್ನು ಸಂಗ್ರಹಾಲಯವೊಂದೇ ತೀರ್ಮಾನಿಸಬಾರದು. ಪಡ್ಡಲಗಿ ಆದರೆ ಅದನ್ನು ಕೊಟ್ಟ ಮನೆತನದ ಹಿರಿಯರನ್ನು, ನಡೆದುಕೊಳ್ಳುವ ಜೋಗಮ್ಮನವರನ್ನು ಮೊದಲು ಕೇಳಬೇಕು. ಭಂಡಾರ ಉಳಿಸಬೇಕೋ, ಹೆಂಗಸರು ಮಾತ್ರ ಮುಟ್ಟಬೇಕೋ, ಮುರಿದ ಪಡ್ಡಲಗಿಯನ್ನು ಪ್ರದರ್ಶನಕ್ಕೆ ಇಡಬಹುದೋ ಎಂದು ಹೇಳುವವರು ಅವರು. ಅವರು ಬೇಡವೆಂದರೆ ಬೇಡ.

ಸಂಗ್ರಹದ ಬುಟ್ಟಿಗೆ ನಾವು ಹೇಳುವ ದಾರಿ ಬೇರೆ. ಹಳೆಯದಕ್ಕೆ ಆಸರೆ ಕೊಟ್ಟು ಹಾಗೇ ಇಡಿ. ಅದನ್ನು ಎದುರಿಗಿಟ್ಟುಕೊಂಡು ಅದೇ ಅಳತೆ, ಅದೇ ಹೆಣಿಗೆಯ ಹೊಸ ಬುಟ್ಟಿಯನ್ನು ಮೇದಾರರಿಂದ ಮಾಡಿಸಿ ಪಕ್ಕದಲ್ಲಿಡಿ. ಹೊಸದನ್ನು ಮಕ್ಕಳು ಮುಟ್ಟಲಿ, ಎತ್ತಿ ನೋಡಲಿ. ಹಳೆಯ ಬುಟ್ಟಿಯ ಹೆಣಿಗೆಯನ್ನು ಓದಬಲ್ಲವರು ಮೇದಾರರೇ. ಎಲ್ಲಿಂದ ಶುರುವಾಯಿತು, ಬಿದಿರಿನ ಸಿಪ್ಪೆ ಭಾಗ ಯಾವ ಕಡೆಗಿದೆ, ಗಂಡು ಬಿದಿರೋ ದೊಡ್ಡ ಬಿದಿರೋ, ಹೆಣೆದವರು ಎಡಗೈಯವರೋ ಎಂಬುದನ್ನೂ ಅವರು ಹೇಳಬಲ್ಲರು. ಅವರ ಮಾತನ್ನು, ಕೈಯನ್ನು ವಿಡಿಯೊ ಮಾಡಿ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇರುವ ಸೀಮೆಯಲ್ಲಿ ಇದಕ್ಕೆ ವಿದ್ಯಾರ್ಥಿಗಳ ಕೊರತೆ ಇರಬಾರದು. ಬುಟ್ಟಿಯ ಬೆಲೆಯ ಜೊತೆಗೆ ಮಾಹಿತಿ ಕೊಟ್ಟ ದಿನದ ಕೂಲಿಯನ್ನೂ ಕೊಡಿ. ಫಲಕದ ಮೇಲೆ, ಅವರು ಒಪ್ಪಿದರೆ, ಹೆಣೆದವರ ಹೆಸರು, ಊರು, ಇಸವಿ ಬರೆಯಿರಿ.

ಈ ಎಲ್ಲ ಕೆಲಸವೂ ಕೋಣೆಯ ಹವೆ ಸರಿ ಇದ್ದರೆ ಮಾತ್ರ ನಿಲ್ಲುತ್ತದೆ. ತೇವಮಾಪಕ ಒಂದನ್ನು ಕಪಾಟಿನೊಳಗೇ ಇಟ್ಟು, ಶೇ 45ರಿಂದ 60ರ ನಡುವೆ ಇರುವಂತೆ ನೋಡಿಕೊಳ್ಳಿ. 65 ದಾಟಿ ನಿಂತರೆ ಬೂಷ್ಟು, 40ರ ಕೆಳಗೆ ಸೀಳು ಪೆಡಸು. ಮಳೆ ಬಡಿಯುವ ಹೊರಗೋಡೆಗೆ ಕಪಾಟು ತಾಗಿಸಬೇಡಿ, ಒಂದು ಗೇಣು ಬಿಡಿ. ಬಣ್ಣದ ಬುಟ್ಟಿಗೆ ಬೆಳಕು 50 ಲಕ್ಸ್ ದಾಟಬಾರದು. ಬುಟ್ಟಿಯೊಳಗೆ ಬುಟ್ಟಿ ಪೇರಿಸಬೇಡಿ. ಕೈಮೀರಿದ ಬುಟ್ಟಿ, ವಿಷದ ಅನುಮಾನ ಇರುವ ಬುಟ್ಟಿ ಎದುರಾದರೆ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಘಟಕ ಮೈಸೂರಿನಲ್ಲಿದೆ. ಬುಟ್ಟಿಯನ್ನು ಕಳಿಸುವ ಮೊದಲು ಫೋಟೊ ಮತ್ತು ನಿಮ್ಮ ದಾಖಲೆ ಕಳಿಸಿ ಸಲಹೆ ಕೇಳಿ.